ಸ್ಕ್ರೂಗೂ ಒಂದು ಜಾತಕ

ನಮ್ಮ ಪೆಟ್ಟಿಗೆಯಲ್ಲಿ 212 ಸ್ಕ್ರೂಗಳಿವೆ. ಒಂದೊಂದಕ್ಕೂ ಜಾತಕ ಇದೆ. ಯಾವ ಲೋಹ, ಯಾವ ಬ್ಯಾಚ್, ಎಲ್ಲಿ ಕೊಂಡದ್ದು, ಯಾರು ಬಿಗಿದದ್ದು, ಎಷ್ಟು ಟಾರ್ಕ್ (ತಿರುಗಿಸಿ ಬಿಗಿದ ಬಲ), ಯಾವ ದಿನ. ಅದನ್ನು ಬರೆಯುವ ಜೋಯಿಸ ನಾನೇ. ಸೇರಿದ್ದು ಮಾತ್ರ ಮೆಕ್ಯಾನಿಕಲ್ ಡಿಸೈನ್ ಮಾಡಲು.

ಪೆಟ್ಟಿಗೆ ಅಂತಲೇ ಕರೆಯುತ್ತೇನೆ. ಒಳಗೆ ಏನಿದೆ, ಸೇನೆಯ ಯಾವ ವಿಭಾಗಕ್ಕೆ ಅದು ಬೇಕು ಅನ್ನುವುದನ್ನು ಬರೆಯುವುದಿಲ್ಲ ಅಂತ ಸಹಿ ಹಾಕಿದ್ದೇನೆ. ಸಣ್ಣ ಉಪಗ್ರಹದಲ್ಲಿ ಕೂತು ಕೆಳಗೆ ನೋಡುವ ಸಾಧನ, ತೂಕ ನಾಲ್ಕು ಕಿಲೋಗೆ ಸ್ವಲ್ಪ ಕಡಿಮೆ. ಅಮ್ಮನಿಗೂ ಇಷ್ಟೇ ಹೇಳಿರುವುದು. ಅವರು ಮದುವೆ ಮನೆಗಳಲ್ಲಿ "ಮಗ ಮಿಲಿಟರಿಗೆ ಕ್ಯಾಮೆರಾ ಮಾಡ್ತಾನೆ" ಅಂತ ಹೇಳಿಕೊಂಡು ಬರುತ್ತಾರೆ. ತಡೆಯಲು ಆಗಿಲ್ಲ.

2022ರಲ್ಲಿ ನಾವು ಒಂಬತ್ತು ಜನ ಇದ್ದೆವು. ಯಶವಂತಪುರದ ಹತ್ತಿರ ಬಾಡಿಗೆಯ ಒಂದು ಮಹಡಿ. ಕೆಳಗಡೆ ಗ್ರಾನೈಟ್ ಕೊಯ್ಯುವವರು. ಅವರ ಧೂಳು ನಮ್ಮ ಲೆನ್ಸಿಗೆ ಬರಬಾರದು ಅಂತ ಕಿಟಕಿಗಳಿಗೆಲ್ಲ ಟೇಪ್ ಅಂಟಿಸಿ ಕೂತಿರುತ್ತಿದ್ದೆವು. ನಮ್ಮ ಮೊದಲ ಲೆಕ್ಕಾಚಾರ ಬೆಳೆ ವಿಮೆಯವರಿಗೆ ಚಿತ್ರ ಮಾರುವುದು. ಅವರಿಗೆ ಚಿತ್ರ ಇಷ್ಟವಾಗುತ್ತಿತ್ತು. ಆದರೆ ಯುರೋಪಿನವರ ಸೆಂಟಿನೆಲ್ ಉಪಗ್ರಹದ ಚಿತ್ರ ಪುಕ್ಕಟೆ ಸಿಗುವಾಗ ನಿಮಗೇಕೆ ದುಡ್ಡು ಕೊಡಬೇಕು ಅನ್ನುತ್ತಿದ್ದರು. ನ್ಯಾಯವಾದ ಮಾತೇ.

ಅದೇ ವರ್ಷ ಫೆಬ್ರವರಿಯಲ್ಲಿ ಉಕ್ರೇನ್ ಯುದ್ಧ ಶುರುವಾಗಿತ್ತು. ಕೀವ್ ನಗರದ ಕಡೆ ಮೈಲಿಗಟ್ಟಲೆ ಸಾಲಾಗಿ ನಿಂತ ರಷ್ಯಾದ ಸೇನಾ ವಾಹನಗಳನ್ನು ಜಗತ್ತಿಗೆ ತೋರಿಸಿದ್ದು ಮ್ಯಾಕ್ಸಾರ್ ಅನ್ನುವ ಖಾಸಗಿ ಕಂಪನಿಯ ಉಪಗ್ರಹ. ಮೇ ತಿಂಗಳಲ್ಲಿ ಅಮೆರಿಕದ ಬೇಹುಗಾರಿಕೆ ಉಪಗ್ರಹ ಸಂಸ್ಥೆ ಎನ್‌ಆರ್‌ಒ ಮೂರು ಕಂಪನಿಗಳ ಜೊತೆ ಒಪ್ಪಂದ ಮಾಡಿಕೊಂಡಿತು. ಮ್ಯಾಕ್ಸಾರ್, ಪ್ಲಾನೆಟ್, ಬ್ಲ್ಯಾಕ್‌ಸ್ಕೈ. ಹತ್ತು ವರ್ಷದವರೆಗೆ ಚಿತ್ರ ಕೊಳ್ಳುವ ಒಪ್ಪಂದ. ನಮ್ಮ ಕಂಪನಿ ಕಟ್ಟಿದವರು ಆ ಸುದ್ದಿಯನ್ನು ಪ್ರಿಂಟ್ ತೆಗೆದು ಕಾಫಿ ಮೆಷಿನ್ ಮೇಲೆ ಅಂಟಿಸಿದರು. ಹತ್ತು ವರ್ಷ! ನಮಗೆ ಹತ್ತು ತಿಂಗಳ ಸಂಬಳಕ್ಕೆ ಆಗುವಷ್ಟು ದುಡ್ಡು ಇರಲಿಲ್ಲ.

ಅಕ್ಟೋಬರಿನಲ್ಲಿ ಗಾಂಧಿನಗರದ ಡಿಫೆನ್ಸ್ ಎಕ್ಸ್‌ಪೋದಲ್ಲಿ ಪ್ರಧಾನಿ ಮಿಷನ್ ಡೆಫ್‌ಸ್ಪೇಸ್ ಘೋಷಿಸಿದರು. ಬಾಹ್ಯಾಕಾಶಕ್ಕೆ ಸಂಬಂಧಪಟ್ಟ 75 ಸವಾಲುಗಳು. ಸೇನೆಯವರು ನಮಗೆ ಇಂಥದ್ದು ಬೇಕು ಅನ್ನುತ್ತಾರೆ, ಮಾಡಿಕೊಡುತ್ತೇವೆ ಅನ್ನುವ ಖಾಸಗಿಯವರು ಮುಂದೆ ಬರಬೇಕು. ಬಾಗಿಲು ಐಡೆಕ್ಸ್. ರಕ್ಷಣಾ ಸಚಿವಾಲಯದ ಈ ಯೋಜನೆ 2018ರಿಂದಲೇ ಇತ್ತು. ಅದನ್ನು ನಡೆಸುವ ಸಂಸ್ಥೆಗೆ ಮೂಲ ಬಂಡವಾಳ ಹಾಕಿದ್ದು ಎಚ್‌ಎಎಲ್ ಮತ್ತು ಬಿಇಎಲ್, ಎರಡೂ ನಮ್ಮ ಊರಿನವೇ. ಸಾಮಾನ್ಯ ಸವಾಲಿಗೆ ಒಂದೂವರೆ ಕೋಟಿವರೆಗೆ, ಪ್ರೈಮ್ ಅನ್ನುವ ದೊಡ್ಡ ಸವಾಲಿಗೆ ಹತ್ತು ಕೋಟಿವರೆಗೆ ಅನುದಾನ. ಆಮೇಲೆ 2024ರಲ್ಲಿ ಅದಿತಿ ಅಂತ ಬಂತು, ಅದರಲ್ಲಿ 25 ಕೋಟಿವರೆಗೆ.

ಅನುದಾನ ಅಂದರೆ ಪೂರ್ತಿ ಅವರದ್ದೇ ದುಡ್ಡು ಅಂತ ನಾನು ತಿಳಿದಿದ್ದೆ. ಅಲ್ಲ. ಅವರು ಹಾಕಿದಷ್ಟು ನೀವೂ ಹಾಕಬೇಕು. ನಮ್ಮ ಪಾಲು ಹೊಂದಿಸಲು ಕಂಪನಿ ಕಟ್ಟಿದ ನಮ್ಮ ಯಜಮಾನರು ಮನೆ ಅಡ ಇಟ್ಟರು. ಇದು ನಮಗೆ ಗೊತ್ತಾಗಿದ್ದು ಆರು ತಿಂಗಳಾದ ಮೇಲೆ.

ಅರ್ಜಿ ಬರೆಯುವ ಕೆಲಸ ನನ್ನ ಕೊರಳಿಗೆ ಬಿತ್ತು. ಕಾರಣ ಇಷ್ಟೇ, ಉಳಿದವರೆಲ್ಲ ಕೋಡ್ ಬರೆಯುವವರು, ಅವರಿಗೆ ಬಿಡುವಿಲ್ಲ. ಮೊದಲ ಕರಡಿನಲ್ಲಿ ನಲವತ್ತು ಪುಟ ಬರೆದೆ. ಲೆನ್ಸು, ಕನ್ನಡಿ, ಅದರ ಹೊಳಪು, ಎಷ್ಟು ಮೀಟರಿನ ವಸ್ತು ಕಾಣುತ್ತದೆ, ಎಲ್ಲ. ಮಾರ್ಗದರ್ಶನಕ್ಕೆ ಅಂತ ಹೊಸ ಕಂಪನಿಗಳನ್ನು ಬೆಳೆಸುವ ಒಂದು ಇನ್‌ಕ್ಯುಬೇಟರಿನ ಹಿರಿಯರೊಬ್ಬರಿಗೆ ತೋರಿಸಿದೆ. ಓದಿ ಕನ್ನಡಕ ತೆಗೆದಿಟ್ಟರು. "ಚೆನ್ನಾಗಿದೆ ಕಣಪ್ಪ. ಹೆಣ್ಣಿನ ಕಡೆಯವರು ಏನು ಕೇಳಿದ್ದಾರೆ ಅನ್ನೋದನ್ನೇ ನೋಡದೆ ಗಂಡಿನ ಗುಣಗಾನ ಮಾಡಿದ್ದೀಯ" ಅಂದರು. ನಾಲ್ಕು ಸಾಲಿನ ಸವಾಲನ್ನು ಆಮೇಲೆ ಹದಿನೈದು ಸಲ ಓದಿದೆ. ಲೆನ್ಸ್ ಅನ್ನುವ ಪದ ಅದರಲ್ಲಿ ಇರಲೇ ಇಲ್ಲ.

ಆಯ್ಕೆ ಸಮಿತಿಯ ಮುಂದೆ ಹೋದ ದಿನ ನನಗೆ ಇವತ್ತಿಗೂ ನೆನಪಿದೆ. ಉದ್ದನೆಯ ಮೇಜು, ಸಮವಸ್ತ್ರದಲ್ಲಿ ಕೆಲವರು, ವಿಜ್ಞಾನಿಗಳು ಕೆಲವರು. ನಾನು ಪಕ್ಕದಲ್ಲಿ ಲ್ಯಾಪ್‌ಟಾಪ್ ಹಿಡಿದು ಕೂತಿದ್ದೆ, ಮಾತಾಡುವವರು ಯಜಮಾನರು. ನಾಲ್ಕನೇ ಸ್ಲೈಡಿಗೆ ಒಬ್ಬ ಅಧಿಕಾರಿ ಕೈ ಎತ್ತಿದರು. ಚಿತ್ರ ಎಷ್ಟು ಸ್ಪಷ್ಟ ಅನ್ನುವುದು ಆಮೇಲೆ, ಅಂದರು. ನಾನು ಈಗ ಒಂದು ಜಾಗದ ಚಿತ್ರ ಬೇಕು ಅಂತ ಕೇಳಿದೆ ಅಂತಿಟ್ಟುಕೊಳ್ಳಿ, ನನ್ನ ಕೈಗೆ ಎಷ್ಟು ಹೊತ್ತಿಗೆ ಸಿಗುತ್ತದೆ?

ನಮ್ಮ ಹತ್ತಿರ ಉತ್ತರ ಇರಲಿಲ್ಲ. ಇರಲಿಲ್ಲ ಅನ್ನುವುದಕ್ಕಿಂತ, ಆ ಲೆಕ್ಕ ನಮ್ಮದು ಅಂತಲೇ ನಾವು ಅಂದುಕೊಂಡಿರಲಿಲ್ಲ. ನಾವು ಪೆಟ್ಟಿಗೆ ಮಾಡುವವರು ತಾನೇ?

ಲೆಕ್ಕ ಹೀಗೆ. 500 ಕಿಲೋಮೀಟರ್ ಎತ್ತರದ ಉಪಗ್ರಹ ಸುಮಾರು 95 ನಿಮಿಷಕ್ಕೆ ಒಂದು ಸುತ್ತು ಬರುತ್ತದೆ. ಹಾಗಂತ 95 ನಿಮಿಷಕ್ಕೊಮ್ಮೆ ನಿಮ್ಮ ಊರು ಕಾಣುವುದಿಲ್ಲ. ಅಷ್ಟರಲ್ಲಿ ಕೆಳಗೆ ಭೂಮಿ ತಿರುಗಿರುತ್ತದೆ. ಮುಂದಿನ ಸುತ್ತು ಸುಮಾರು 2,500 ಕಿಲೋಮೀಟರ್ ಪಶ್ಚಿಮಕ್ಕೆ ಸರಿದುಹೋಗಿರುತ್ತದೆ. ಒಂದೇ ಉಪಗ್ರಹ ಇದ್ದರೆ ಅದೇ ಜಾಗವನ್ನು ಮತ್ತೆ ನೋಡಲು ದಿನಗಟ್ಟಲೆ ಕಾಯಬೇಕಾಗಬಹುದು. ನೋಡಿದ ಮೇಲೂ ಚಿತ್ರ ಉಪಗ್ರಹದ ಹೊಟ್ಟೆಯಲ್ಲೇ ಇರುತ್ತದೆ. ಕೆಳಗಿನ ಆಂಟೆನಾ ಮೇಲೆ ಬಂದಾಗ ಹೆಚ್ಚೆಂದರೆ ಹತ್ತು ನಿಮಿಷ ಸಿಗುತ್ತದೆ, ಅಷ್ಟರಲ್ಲಿ ಇಳಿಸಬೇಕು. ಆಮೇಲೆ ಅದನ್ನು ತಿದ್ದಿ, ನೋಡಿ, ಬೇಕಾದವರಿಗೆ ಕಳಿಸಬೇಕು. ಸೇನೆ ಒಂದೆರಡು ಒಳ್ಳೆಯ ಉಪಗ್ರಹ ಸಾಕು ಅನ್ನದೆ ಗುಂಪು ಗುಂಪಾಗಿ ಯಾಕೆ ಕೇಳುತ್ತದೆ ಅಂತ ನನಗೆ ಆವತ್ತು ಅರ್ಥವಾಯಿತು. 2024ರ ಅಕ್ಟೋಬರಿನಲ್ಲಿ ಕೇಂದ್ರ ಒಪ್ಪಿದ ಕಣ್ಗಾವಲು ಯೋಜನೆಯಲ್ಲಿ 52 ಉಪಗ್ರಹಗಳಿವೆ, ವೆಚ್ಚ ಸುಮಾರು 27,000 ಕೋಟಿ. ಅದರಲ್ಲಿ 31 ಖಾಸಗಿಯವರು ಮಾಡಬೇಕು, ಉಳಿದ 21 ಇಸ್ರೋ. ಇಸ್ರೋ ಒಂದೇ ಇಷ್ಟನ್ನೂ ಬೇಗ ಮಾಡಿ ಮುಗಿಸಲು ಆಗುವುದಿಲ್ಲ. ನಮ್ಮಂಥವರನ್ನು ಕರೆದದ್ದು ಪ್ರೀತಿಗಲ್ಲ.

ಆ ದಿನ ಇನ್ನೂ ಎರಡು ಪ್ರಶ್ನೆ ಬಂದವು. ಪೆಟ್ಟಿಗೆಯ ಯಾವ ಭಾಗ ಯಾವ ದೇಶದ್ದು? ಐದು ವರ್ಷ ಬಿಟ್ಟು ಫೋನ್ ಮಾಡಿದರೆ ನಿಮ್ಮ ಕಂಪನಿಯಲ್ಲಿ ಯಾರಾದರೂ ಎತ್ತುತ್ತಾರಾ? ಎರಡನೆಯದಕ್ಕೆ ಯಜಮಾನರು ನಕ್ಕು "ನಾನೇ ಎತ್ತುತ್ತೇನೆ ಸರ್" ಅಂದರು. ಮೇಜಿನ ಆಚೆ ಯಾರೂ ನಗಲಿಲ್ಲ.

ಆದರೂ ಆಯ್ಕೆಯಾದೆವು. ಹೇಗೆ ಅಂತ ನನಗೆ ಈಗಲೂ ಆಶ್ಚರ್ಯ. 2023ರ ಜುಲೈನಲ್ಲಿ ಬೆಂಗಳೂರಿನದ್ದೇ ಪಿಕ್ಸೆಲ್ ಕಂಪನಿ ಐಡೆಕ್ಸಿನ 150ನೇ ಒಪ್ಪಂದಕ್ಕೆ ಸಹಿ ಹಾಕಿತು, 150 ಕಿಲೋವರೆಗಿನ ಇಡೀ ಸಣ್ಣ ಉಪಗ್ರಹಕ್ಕೆ. ಅವರ ಎದುರು ನಮ್ಮದು ನಾಲ್ಕು ಕಿಲೋ. ಆ ವಾರ ನಮ್ಮಲ್ಲಿ ಹೊಟ್ಟೆಕಿಚ್ಚು, ಹುರುಪು ಎರಡೂ ಸಮವಾಗಿತ್ತು.

ಒಪ್ಪಂದಕ್ಕೆ ಮುಂಚೆ ಕಾಗದದ ಮಳೆ. ಕಂಪನಿಯ ಷೇರು ಯಾರ್‍ಯಾರ ಹತ್ತಿರ ಇದೆ, ಆ ಷೇರಿನ ಹಿಂದೆ ಇರುವ ನಿಜವಾದ ಮನುಷ್ಯ ಯಾರು ಅನ್ನುವವರೆಗೂ ಹೋಯಿತು. ಭೂಗಡಿ ಹಂಚಿಕೊಂಡ ದೇಶಗಳಿಂದ ಹೂಡಿಕೆ ಬಂದರೆ ಸರ್ಕಾರದ ಅನುಮತಿ ಬೇಕು ಅಂತ 2020ರ ಏಪ್ರಿಲಿನಿಂದ ನಿಯಮ ಇದೆ. ನಮ್ಮಲ್ಲಿ ಅಂಥದ್ದು ಇರಲಿಲ್ಲ, ಆದರೆ ಇಲ್ಲ ಅಂತ ತೋರಿಸಲು ಮೂರು ವಾರ ಬೇಕಾಯಿತು. ನೆಟ್‌ವರ್ಕ್ ಸುರಕ್ಷತೆ ನೋಡಲು ಬಂದವರು ಮೊದಲು ತಲೆ ಎತ್ತಿ ನೋಡಿದ್ದು ನಮ್ಮ ಬಾಗಿಲ ಮೇಲಿನ ಸಿಸಿಟಿವಿಯನ್ನು. ಯಾವ ಕಂಪನಿಯದು? ಎಸ್‌.ಪಿ. ರೋಡಿನಲ್ಲಿ ಅಗ್ಗಕ್ಕೆ ಸಿಕ್ಕಿದ್ದು ಅಂದೆ. ಬಿಚ್ಚಿ ಅಂದರು, ಬಿಚ್ಚಿದೆವು. ನಮಗೇಕೆ ಇಷ್ಟು ಕಟ್ಟುನಿಟ್ಟು ಅಂತ ಹುಡುಗರು ಗೊಣಗಿದಾಗ ನಾನು ಕೆಎ-ಸ್ಯಾಟ್ ಉಪಗ್ರಹದ ಕಥೆ ಹೇಳಿದೆ. ರಷ್ಯಾ ಉಕ್ರೇನಿಗೆ ನುಗ್ಗಿದ ದಿನವೇ, 2022ರ ಫೆಬ್ರವರಿ 24ರಂದು, ವಯಾಸ್ಯಾಟ್ ಕಂಪನಿಯ ಆ ಉಪಗ್ರಹ ಜಾಲದ ಮೇಲೆ ಸೈಬರ್ ದಾಳಿ ಆಯಿತು. ಮೇಲಿದ್ದ ಉಪಗ್ರಹಕ್ಕೆ ಏನೂ ಆಗಲಿಲ್ಲ. ಕೆಳಗೆ ಜನರ ಮನೆಗಳಲ್ಲಿ, ಕಚೇರಿಗಳಲ್ಲಿ ಇದ್ದ ಮೋಡೆಮ್‌ಗಳು ಸತ್ತವು. ಜರ್ಮನಿಯ ಸಾವಿರಾರು ಗಾಳಿಯಂತ್ರಗಳಿಗೂ ದೂರದಿಂದ ಗಮನಿಸುವ ಸಂಪರ್ಕ ತಪ್ಪಿತು. ಸೇನೆ ಬಳಸುವ ಖಾಸಗಿ ಜಾಲ ಅಂದಮೇಲೆ ಅದೂ ಗುರಿಯೇ. ಹುಡುಗರು ಸುಮ್ಮನಾದರು. ಹೊಸ ಸಿಸಿಟಿವಿಗೆ ಬಿಲ್ಲು ಎಷ್ಟಾಯಿತು ಅಂತ ಮಾತ್ರ ಕೇಳಬೇಡಿ.

ಈಗ ನಮ್ಮ ದೊಡ್ಡ ತಪ್ಪಿಗೆ ಬರುತ್ತೇನೆ. ದುಡ್ಡು ಒಟ್ಟಿಗೆ ಬರುವುದಿಲ್ಲ, ಮೈಲಿಗಲ್ಲು ಮೈಲಿಗಲ್ಲಿಗೆ ಬರುತ್ತದೆ. ಆ ಮೈಲಿಗಲ್ಲುಗಳನ್ನು ಮೊದಲು ಬರೆದು ಮುಂದಿಡುವವರು ನೀವೇ. ಮುಟ್ಟಿದ್ದೀರಿ ಅಂತ ಹೇಗೆ ಅಳೆಯಬೇಕು ಅನ್ನುವುದನ್ನೂ ನೀವೇ ಸೂಚಿಸುತ್ತೀರಿ. ಕೂತು ಮಾತಾಡಿ ಒಪ್ಪಿದ ಮೇಲೆ ಅದು ಕಲ್ಲಿನ ಮೇಲಿನ ಬರಹ. ನಾವು ಜೋರು ತೋರಿಸಲು ಹೋದೆವು. ಕೊನೆಯದಕ್ಕೆ ಮುಂಚಿನ ಮೈಲಿಗಲ್ಲಿನಲ್ಲಿ "ಕಕ್ಷೆಯಿಂದ ಮೊದಲ ಚಿತ್ರ" ಅಂತ ಬರೆದೆವು. ಬರೆದದ್ದು ನಾನೇ. ಓದಲು ಎಷ್ಟು ಚೆನ್ನಾಗಿತ್ತು ಗೊತ್ತಾ? ಪೆಟ್ಟಿಗೆ ನಮ್ಮದು. ಆದರೆ ಅದು ಕೂರಬೇಕಾದ ಉಪಗ್ರಹ ಇನ್ನೊಬ್ಬರದು, ರಾಕೆಟ್ ಮತ್ತೊಬ್ಬರದು. ಬೇರೆಯವರ ಗಾಡಿ ಯಾವಾಗ ಹೊರಡುತ್ತದೆ ಅನ್ನುವುದಕ್ಕೆ ನಮ್ಮ ಸಂಬಳ ಕಟ್ಟಿಹಾಕಿ ಬಂದಿದ್ದೆ.

ಅದರ ಫಲ ಆಮೇಲೆ. ಅದಕ್ಕೆ ಮುಂಚೆ ಡಿಟೆಕ್ಟರ್ ಕಥೆ ಇದೆ. ಡಿಟೆಕ್ಟರ್ ಅಂದರೆ ಚಿತ್ರ ಹಿಡಿಯುವ ಚಿಪ್, ಅದು ಹೊರದೇಶದಿಂದ ಬರಬೇಕಿತ್ತು. ಬೆಳೆ ವಿಮೆಯ ಕಾಲದಲ್ಲಿ ಅದೇ ಮಾರಾಟಗಾರರು ವಾರಕ್ಕೊಮ್ಮೆ ಫೋನ್ ಮಾಡಿ ಹಬ್ಬದ ಶುಭಾಶಯ ಹೇಳುತ್ತಿದ್ದರು. ಈ ಸಲ ಕೊನೆಯ ಬಳಕೆದಾರ ಯಾರು ಅನ್ನುವ ಪತ್ರದಲ್ಲಿ ರಕ್ಷಣೆ ಅಂತ ಬರೆದೆವು. ಸುಳ್ಳು ಬರೆಯುವ ಹಾಗಿಲ್ಲ. ಫೋನ್ ನಿಂತಿತು. ಅವರ ಸರ್ಕಾರದ ರಫ್ತು ಪರವಾನಗಿ ಬೇಕು ಅಂದರು, ಆಮೇಲೆ ಪರಿಶೀಲನೆಯಲ್ಲಿದೆ ಅಂದರು, ಆಮೇಲೆ ಏನೂ ಅನ್ನಲಿಲ್ಲ. ಏಳು ತಿಂಗಳಾದ ಮೇಲೆ ಬೇರೆ ಕಡೆಯಿಂದ ಬೇರೆ ಡಿಟೆಕ್ಟರ್ ತಂದೆವು. ಅದು ಎರಡು ಮಿಲಿಮೀಟರ್ ಅಗಲ ಜಾಸ್ತಿ. ಎರಡು ಮಿಲಿಮೀಟರ್ ಅಂದರೆ ಅದನ್ನು ಹಿಡಿಯುವ ಬ್ರಾಕೆಟ್ ಬದಲು, ಬ್ರಾಕೆಟ್ ಕೂರುವ ತಟ್ಟೆ ಬದಲು, ಶಾಖ ಹೊರಗೆ ಒಯ್ಯುವ ಪಟ್ಟಿ ಬದಲು. ಯಾವ ಭಾಗ ಯಾವ ದೇಶದ್ದು ಅಂತ ಆ ಅಧಿಕಾರಿ ಕೇಳಿದಾಗ ನಾನು ಅದನ್ನು ದೇಶಾಭಿಮಾನದ ಪ್ರಶ್ನೆ ಅಂದುಕೊಂಡಿದ್ದೆ. ಅಲ್ಲ, ಅದು ಕ್ಯಾಲೆಂಡರಿನ ಪ್ರಶ್ನೆ.

ಹೊಸ ಬ್ರಾಕೆಟ್‌ಗಳಿಗೆ ಪೀಣ್ಯಕ್ಕೆ ಹೋದೆ. ಅಲ್ಲಿ ಕಂಪ್ಯೂಟರ್ ಯಂತ್ರದಲ್ಲಿ ಲೋಹ ಕೊರೆಯುವ ಒಂದು ಸಿಎನ್‌ಸಿ ಶಾಪ್ ನಡೆಸುವವರು ನನಗೆ ಹಳೆಯ ಪರಿಚಯ. ಕೆಲಸ ಬಂಗಾರ, ಬಾಯಿ ಮೆಣಸಿನಕಾಯಿ. ನನ್ನ ಪಟ್ಟಿ ನೋಡಿದರು.

"ಸಾರ್, ನಾಲ್ಕು ಬ್ರಾಕೆಟ್‌ಗೆ ನಲವತ್ತು ಪೇಪರ್ ಕೇಳ್ತಿದ್ದೀರ. ಆಟೋ ಕಂಪನಿಗೆ ಇಂಥವೇ ನಾಲ್ಕು ಸಾವಿರ ಹಾಕ್ತೀನಿ, ಒಂದು ಚಲನ್ ಸಾಕು."

"ಅದು ರೋಡ್ ಮೇಲೆ ಹೋಗುತ್ತೆ ಅಣ್ಣ."

"ಇದು ಮೇಲಕ್ಕೆ ಹೋಗುತ್ತಲ್ಲ, ಅಲ್ಲಿ ಯಾರು ಬಂದು ಪೇಪರ್ ನೋಡ್ತಾರೆ?"

ಅಲ್ಯೂಮಿನಿಯಂ ಬಾರಿನ ಒಂದು ತುದಿಯಲ್ಲಿ ಹೀಟ್ ನಂಬರ್ ಒತ್ತಿರುತ್ತಾರೆ. ಯಾವ ಕುಲುಮೆಯಲ್ಲಿ ಯಾವ ಸಲ ಕರಗಿದ ಲೋಹ ಅನ್ನುವ ಗುರುತು. ಮಿಲ್ಲಿನವರು ಕೊಡುವ ಸರ್ಟಿಫಿಕೇಟಿನಲ್ಲೂ ಅದೇ ನಂಬರ್ ಇರುತ್ತದೆ. ಅವರ ಹುಡುಗ ಬೆಳಿಗ್ಗೆ ಬಂದವನು ಎಂದಿನಂತೆ ತುದಿಯನ್ನು ಕತ್ತರಿಸಿ ಗುಜರಿ ಡಬ್ಬಕ್ಕೆ ಎಸೆದಿದ್ದ. ತುದಿ ಸೊಟ್ಟ ಇರುತ್ತದೆ, ಎಲ್ಲರೂ ಹಾಗೆಯೇ ಮಾಡುವುದು. ಉಳಿದ ಬಾರ್ ಅನಾಥ ಆಯಿತು. ಲೋಹ ಅದೇ, ನನಗೆ ಗೊತ್ತು, ಅವರಿಗೆ ಗೊತ್ತು, ಆದರೆ ತೋರಿಸಲು ಗುರುತಿಲ್ಲ. ಎಸೆದು ಹೊಸ ಬಾರ್ ತರಿಸಿದೆವು. ಅವತ್ತು ಅವರು ನನ್ನ ಜೊತೆ ಕಾಫಿ ಕುಡಿಯಲಿಲ್ಲ. ಮುಂದಿನ ಸಲ ಹೋದಾಗ ಗೋಡೆ ಮೇಲೆ ದಪ್ಪ ಅಕ್ಷರದಲ್ಲಿ ಬರೆದಿದ್ದರು: "ಕತ್ತರಿಸುವ ಮುಂಚೆ ನಂಬರ್ ಇನ್ನೊಂದು ತುದಿಗೆ ಒತ್ತಬೇಕು." ಆಟೋ ಕಂಪನಿಯ ಜಾಬಿಗೂ ಈಗ ಹಾಗೆಯೇ ಮಾಡುತ್ತಾರಂತೆ.

ಆಮೇಲೆ ವೈಬ್ರೇಷನ್ ಪರೀಕ್ಷೆ. ರಾಕೆಟ್ ಏರುವಾಗ ಆಗುವ ಕುಲುಕಾಟವನ್ನು ನೆಲದ ಮೇಲೇ ಕೊಡುವುದು. ಪೆಟ್ಟಿಗೆಯನ್ನು ಶೇಕರ್ ಮೇಜಿಗೆ ಬಿಗಿದು ಮೂರು ದಿಕ್ಕಿನಲ್ಲೂ ಅಲುಗಿಸುತ್ತಾರೆ. ಜೋರಾಗಿ ಅಲುಗಿಸುವ ಮುಂಚೆ ಒಮ್ಮೆ, ಆದ ಮೇಲೆ ಒಮ್ಮೆ ಮೆಲ್ಲಗೆ ಅಲುಗಿಸಿ ಪೆಟ್ಟಿಗೆ ಯಾವ ಕಂಪನಕ್ಕೆ ತಾನಾಗಿ ಅನುರಣಿಸುತ್ತದೆ ಅಂತ ನೋಡುತ್ತಾರೆ. ಬಿಂದಿಗೆಯನ್ನು ಬೆರಳಲ್ಲಿ ತಟ್ಟಿ ಬಿರುಕಿದೆಯಾ ಅಂತ ನೋಡುವುದಿಲ್ಲವೇ, ಹಾಗೆ. ಎರಡೂ ಸಲ ಸದ್ದು ಒಂದೇ ಇದ್ದರೆ ಒಳಗೆಲ್ಲ ಭದ್ರ. ನಮ್ಮದು ಮುಂಚೆ 148 ಹರ್ಟ್ಸ್ ಇತ್ತು. ಆಮೇಲೆ 131.

ಮಾನಿಟರ್ ಮೇಲಿನ ಆ ಗೆರೆ ನೋಡಿ ನನ್ನ ಕೈ ತಣ್ಣಗಾಯಿತು. ಒಳಗೆ ಏನೋ ಸಡಿಲ ಆಗಿದೆ. ಪರೀಕ್ಷಾ ಕೇಂದ್ರದಲ್ಲಿ ನಮಗೆ ಸಿಕ್ಕಿದ್ದು ಎರಡು ದಿನ. ಪೂರ್ತಿ ಬಿಚ್ಚಿ ಮತ್ತೆ ಜೋಡಿಸಿದರೆ ಕನ್ನಡಿಗಳನ್ನು ಹೊಸದಾಗಿ ಸಾಲಿಗೆ ತರಬೇಕು, ಅದಕ್ಕೇ ಆರು ವಾರ. ರಾತ್ರಿ ಹನ್ನೊಂದಕ್ಕೆ, ಧೂಳು ಬರದಂತೆ ಕಾಯುವ ಕ್ಲೀನ್‌ರೂಮಿನಲ್ಲಿ ಒಂದು ಮುಚ್ಚಳ ಮಾತ್ರ ತೆಗೆದೆವು. ಹೊಸ ಡಿಟೆಕ್ಟರ್ ಬ್ರಾಕೆಟಿನ ನಾಲ್ಕು ಸ್ಕ್ರೂಗಳು ಟಾರ್ಕ್ ಕಳೆದುಕೊಂಡಿದ್ದವು. ನಾಲ್ಕೂ ಒಟ್ಟಿಗೆ ಯಾಕೆ? ಜಾತಕ ತೆಗೆದು ನೋಡಿದೆ. ನಾಲ್ಕನ್ನೂ ಬಿಗಿದದ್ದು ಒಂದೇ ಮಧ್ಯಾಹ್ನ. ಸ್ಕ್ರೂ ಸಡಿಲವಾಗದಿರಲಿ ಅಂತ ಅದರ ಸುರುಳಿ ಗೀರುಗಳಿಗೆ ಹಚ್ಚುವ ಅಂಟು ಒಂದೇ ಬಾಟಲಿಯದು. ಆ ಬಾಟಲಿಯ ಅವಧಿ ಮುಗಿದು ಹತ್ತೊಂಬತ್ತು ದಿನ ಆಗಿತ್ತು. ಬಿಗಿದವನ ಹೆಸರಿನ ಜಾಗದಲ್ಲಿ ನನ್ನದೇ ಸಹಿ.

ಅದೇ ಪುಟದಲ್ಲಿ ಆ ಮಧ್ಯಾಹ್ನ ಬಿಗಿದ ಇನ್ನೂ ಹನ್ನೆರಡು ಸ್ಕ್ರೂಗಳ ಪಟ್ಟಿ ಇತ್ತು. ಎಲ್ಲವೂ ಕೈಗೆ ಸಿಗುವ ಜಾಗದಲ್ಲೇ ಇದ್ದವು. ಹದಿನಾರನ್ನೂ ತೆಗೆದು, ಒರೆಸಿ, ಹೊಸ ಅಂಟು ಹಚ್ಚಿ ಬಿಗಿದೆವು. ಕನ್ನಡಿಗಳನ್ನು ಮುಟ್ಟಲಿಲ್ಲ. ಅಂಟು ಒಣಗಲು ಒಂದು ದಿನ ಬಿಟ್ಟು, ಪರೀಕ್ಷಾ ಕೇಂದ್ರದವರ ಕೈಕಾಲು ಹಿಡಿದು ಇನ್ನೊಂದು ಅರ್ಧ ದಿನ ಪಡೆದೆವು. ಮುಂಚೆ 148, ಆಮೇಲೆ 147. ಸೇನೆಯ ಕಡೆಯಿಂದ ನಮ್ಮ ಕೆಲಸ ನೋಡಿಕೊಳ್ಳುವ ನೋಡಲ್ ಅಧಿಕಾರಿಗೆ ವಿಷಯ ಮುಚ್ಚಿಡೋಣವೇ ಅಂತ ಒಂದು ಕ್ಷಣ ನಮ್ಮಲ್ಲೇ ಚರ್ಚೆ ಆಯಿತು. ಎಲ್ಲ ಬರೆದು ಕಳಿಸಿದೆವು, ನನ್ನ ಸಹಿಯ ಪುಟದ ಸಮೇತ. ಅವರಿಂದ ಬಂದ ಉತ್ತರ ಎರಡು ಸಾಲು. ಹಳೆಯ ಬಾಟಲಿಗಳನ್ನು ಹೇಗೆ ವಿಲೇವಾರಿ ಮಾಡುತ್ತೀರಿ ಅಂತ ಬರೆದು ಕೊಡಿ ಅಂತ ಕೇಳಿದ್ದರು. ಬೈಗುಳ ಇರಲಿಲ್ಲ.

ಆಮೇಲೆ ನಾನು ಕಟ್ಟಿಹಾಕಿದ್ದ ಗಂಟು ಬಿಗಿಯಿತು. ನಮ್ಮ ಪೆಟ್ಟಿಗೆ ಏರಬೇಕಿದ್ದ ಉಪಗ್ರಹದ ಉಡಾವಣೆ ಮುಂದಕ್ಕೆ ಹೋಯಿತು. ಮೂರು ತಿಂಗಳು, ಆಮೇಲೆ ಐದು, ಆಮೇಲೆ ದಿನಾಂಕವೇ ಹೇಳಲಿಲ್ಲ. ರಾಕೆಟ್ ಲೋಕದಲ್ಲಿ ಇದು ಮಾಮೂಲು, ಯಾರನ್ನೂ ದೂರುವ ಹಾಗಿಲ್ಲ. ಪೆಟ್ಟಿಗೆ ಸಿದ್ಧ, ಪರೀಕ್ಷೆ ಮುಗಿದಿದೆ, ಆದರೆ ಒಪ್ಪಂದದ ಪ್ರಕಾರ ಕಕ್ಷೆಯಿಂದ ಚಿತ್ರ ಬರದೆ ದುಡ್ಡಿಲ್ಲ. ಎರಡು ತಿಂಗಳು ಅರ್ಧ ಸಂಬಳ. ಇಬ್ಬರು ಬಿಟ್ಟು ಹೋದರು, ಒಬ್ಬಳಂತೂ ನಮ್ಮ ಅತ್ಯುತ್ತಮ ಆಪ್ಟಿಕ್ಸ್ ಎಂಜಿನಿಯರ್. ಅವಳ ಬೀಳ್ಕೊಡುಗೆಗೆ ಕೇಕ್ ಕತ್ತರಿಸಿದೆವು, ಅದನ್ನೂ ಅವಳೇ ಕೊಂಡು ತಂದಿದ್ದಳು.

ಯಜಮಾನರೂ ನಾನೂ ನೋಡಲ್ ಅಧಿಕಾರಿಯನ್ನು ಭೇಟಿ ಮಾಡಿ ಮೈಲಿಗಲ್ಲು ಬದಲಿಸಬಹುದೇ ಅಂತ ಕೇಳಿದೆವು. ಅವರು ಕಡತ ತೆರೆದು ಆ ಸಾಲಿನ ಮೇಲೆ ಬೆರಳಿಟ್ಟರು. "ಇದನ್ನು ಯಾಕೆ ಬರೆದಿರಿ? ಥರ್ಮೋವ್ಯಾಕ್ ಕೋಣೆಯಲ್ಲಿ ಚಿತ್ರ ತೆಗೆದು ತೋರಿಸಿದ್ದರೆ ಈ ಹಂತಕ್ಕೆ ನಮಗೆ ಸಾಕಿತ್ತು." ಗಾಳಿ ಹೀರಿ ತೆಗೆದು, ಬಿಸಿ ಮಾಡಿ, ತಣ್ಣಗೆ ಮಾಡಿ ನೋಡುವ ಕೋಣೆ ಅದು. ಆ ಪರೀಕ್ಷೆ ನಾವು ಮುಗಿಸಿ ನಾಲ್ಕು ತಿಂಗಳಾಗಿತ್ತು. ಆದರೆ ಕೋಣೆಯ ಒಳಗೆ ಚಿತ್ರ ತೆಗೆದಿರಲಿಲ್ಲ, ಒಪ್ಪಂದದಲ್ಲಿ ಇಲ್ಲವಲ್ಲ ಅಂತ. ತಿದ್ದುಪಡಿಗೆ ಬರೆದುಕೊಟ್ಟೆವು, ಕಾರಣ ಕೊಟ್ಟೆವು, ಮತ್ತೆ ಸಮಿತಿ, ಮತ್ತೆ ಸಹಿ. ಪೆಟ್ಟಿಗೆಯನ್ನು ಮತ್ತೊಮ್ಮೆ ಕೋಣೆಗೆ ಹಾಕಿ ಕಿಟಕಿಯಾಚೆ ಒಂದು ಪರೀಕ್ಷಾ ಪಟ ಇಟ್ಟು ಚಿತ್ರ ತೆಗೆದೆವು. ಕಪ್ಪು ಬಿಳಿ ಗೆರೆಗಳ ಸಾದಾ ಪಟ. ನಾನು ನೋಡಿದ ಚಿತ್ರಗಳಲ್ಲೆಲ್ಲ ಅದೇ ಚೆಂದ.

ದುಡ್ಡು ಬಂತು. ಬಿಟ್ಟು ಹೋದವರು ಬರಲಿಲ್ಲ.

ಎರಡು ತಿಂಗಳ ಹಿಂದೆ ನಮ್ಮ ನೋಡಲ್ ಅಧಿಕಾರಿಗೆ ವರ್ಗ ಆಯಿತು. ಸೇನೆಯಲ್ಲಿ ಎರಡು ಮೂರು ವರ್ಷಕ್ಕೆ ಅದು ಇದ್ದದ್ದೇ. ಹೊಸಬರು ಬಂದರು, ನಮ್ಮ ಮಹಡಿ ಹತ್ತಿ ಕ್ಲೀನ್‌ರೂಮ್ ನೋಡಿದರು, ಕೆಳಗೆ ಗ್ರಾನೈಟ್ ಯಂತ್ರದ ಸದ್ದಿಗೆ ಹುಬ್ಬೇರಿಸಿದರು. ಕೂತ ಮೇಲೆ ಕೇಳಿದ ಮೊದಲ ಪ್ರಶ್ನೆ: ನಾನು ಚಿತ್ರ ಕೇಳಿದರೆ ಎಷ್ಟು ಹೊತ್ತಿಗೆ ಸಿಗುತ್ತದೆ? ಈ ಸಲ ನನ್ನ ಹತ್ತಿರ ಒಂದು ಹಾಳೆ ಇತ್ತು. ಒಂದು ಉಪಗ್ರಹ ಇದ್ದರೆ ಇಷ್ಟು, ಆರು ಇದ್ದರೆ ಇಷ್ಟು, ಹನ್ನೆರಡು ಇದ್ದರೆ ಇಷ್ಟು. ಆಂಟೆನಾ ಎರಡಿದ್ದರೆ ಎಷ್ಟು ಕಡಿಮೆ ಆಗುತ್ತದೆ. ಅವರು ಹಾಳೆಯನ್ನು ಮಡಚಿ ಜೇಬಿಗೆ ಹಾಕಿಕೊಂಡರು. ಆಮೇಲೆ ಪೆಟ್ಟಿಗೆ ತೋರಿಸಿ ಅಂದರು.

ಪೆಟ್ಟಿಗೆ ಸಾರಜನಕ ತುಂಬಿದ ಗಾಜಿನ ಬೀರುವಿನಲ್ಲಿದೆ. ಉಪಗ್ರಹದವರು ಹೊಸ ದಿನಾಂಕ ಹೇಳಿದ್ದಾರೆ, ನಾನು ಕ್ಯಾಲೆಂಡರಿನಲ್ಲಿ ಪೆನ್ಸಿಲಿನಲ್ಲಿ ಬರೆದಿದ್ದೇನೆ. ಪ್ರತಿ ಸೋಮವಾರ ಬೀರುವಿನ ತೇವಾಂಶ ನೋಡಿ ದಾಖಲೆಗೆ ಸಹಿ ಹಾಕುತ್ತೇನೆ. ಅಂಟಿನ ಬಾಟಲಿಗಳ ಮೇಲಿನ ದಿನಾಂಕವನ್ನೂ ನೋಡುತ್ತೇನೆ. ಈ ವಾರ ಒಂದನ್ನು ಎಸೆದೆ, ಇನ್ನೂ ಅರ್ಧ ಉಳಿದಿತ್ತು.